ನಾರ್ನಿಯದ ಕಥೆಗಳು: ಉಪದೇಶವೂ ಧ್ವನಿಯೂ

ಕಾವ್ಯದ ಉಪದೇಶವು ಪ್ರಭುವಿನ ಆಜ್ಞೆಯಂತಿರದೆ ಕಾಂತೆಯ ಮಾತಿನಂತಿರಬೇಕೆಂಬ ಮಮ್ಮಟನ ಅಭಿಪ್ರಾಯವು ಮಕ್ಕಳ ಸಾಹಿತ್ಯಕ್ಕೆ ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ಸಿ. ಎಸ್. ಲೂಯಿಸನ ನಾರ್ನಿಯ ಕಥಾಮಾಲೆ ಇದಕ್ಕೆ ತಕ್ಕ ನಿದರ್ಶನ. 1950ರಿಂದ 1956ರವರೆಗೆ ಪ್ರಕಟವಾದ ಈ ಏಳು ಪುಸ್ತಕಗಳಲ್ಲಿ ಕ್ರೈಸ್ತ ತತ್ತ್ವವಿರುವುದು ಗುಟ್ಟೇನಲ್ಲ; ಕರ್ತೃವೇ ಅದನ್ನು ಒಪ್ಪಿದ್ದಾನೆ. ಆದರೆ ಅದು ಕಥೆಯಲ್ಲಿ ಯಾವ ರೀತಿಯಲ್ಲಿದೆ? ಕ್ರೈಸ್ತರಲ್ಲದ ಮನೆಯ ಮಗುವಿಗೆ ಈ ಕಥೆಗಳಲ್ಲಿ ಪಾಲುಂಟೆ ಇಲ್ಲವೆ ಎಂಬುದೂ ಇದರ ಉತ್ತರವನ್ನೇ ಅವಲಂಬಿಸಿದೆ.

ಮೊದಲು ಪ್ರಕಟವಾದ ಕಥೆಯಲ್ಲಿ ನಾಲ್ವರು ಮಕ್ಕಳು ಬಟ್ಟೆಯ ಬೀರುವೊಂದರ ಮೂಲಕ ನಾರ್ನಿಯ ಲೋಕವನ್ನು ಹೊಗುತ್ತಾರೆ. ಅವರಲ್ಲೊಬ್ಬನಾದ ಎಡ್ಮಂಡ್, ಮಾಟಗಾತಿ ಕೊಟ್ಟ ಮಿಠಾಯಿಯ ಆಸೆಗೆ ಒಡಹುಟ್ಟಿದವರಿಗೇ ದ್ರೋಹ ಬಗೆಯುತ್ತಾನೆ. ಅವನಿಗೆ ಬದಲಾಗಿ ಅಸ್ಲಾನನೆಂಬ ಸಿಂಹವು ಕಲ್ಲುಹಾಸಿನ ಮೇಲೆ ಪ್ರಾಣ ಕೊಟ್ಟು, ಬೆಳಗಾಗುವಾಗ ಮತ್ತೆ ಎದ್ದು ಬರುತ್ತದೆ. ಉಪದೇಶವನ್ನೇ ಅರಸುವ ವ್ಯಾಖ್ಯಾನಕಾರರು ಒಡನೆಯೇ ಪಟ್ಟಿಯೊಂದನ್ನು ಬರೆಯುತ್ತಾರೆ: ಅಸ್ಲಾನನೆಂದರೆ ಕ್ರಿಸ್ತ, ಎಡ್ಮಂಡನೆಂದರೆ ಯೂದ, ಕಲ್ಲುಹಾಸೆಂದರೆ ಶಿಲುಬೆ. ಆದರೆ ಲೆಕ್ಕ ಪೂರ್ತಿ ಕೂಡಿಬರುವುದಿಲ್ಲ. ಯೂದನು ಹತಾಶನಾಗಿ ಸತ್ತರೆ ಎಡ್ಮಂಡ್ ಕ್ಷಮೆ ಪಡೆದು ಅರಸನಾಗುತ್ತಾನೆ. ಕ್ರಿಸ್ತನು ಮನುಕುಲಕ್ಕಾಗಿ ಸತ್ತನೆಂಬುದು ಕ್ರೈಸ್ತರ ನಂಬಿಕೆ. ಅಸ್ಲಾನ್ ಸಾಯುವುದು ಒಬ್ಬ ಹುಡುಗನಿಗಾಗಿ. ಲೂಯಿಸನೂ ಈ ಕಥೆಗಳನ್ನು ರೂಪಕಕಥೆಗಳೆಂದು ಒಪ್ಪಲಿಲ್ಲ. ನಾರ್ನಿಯದಂಥ ಲೋಕವೊಂದಿದ್ದು ದೇವಪುತ್ರನು ಅಲ್ಲಿ ಅವತರಿಸಿದರೆ ಏನಾದೀತು ಎಂಬ ಊಹೆಯೇ ಅವುಗಳ ಮೂಲವೆಂದನು. ಮೊದಲು ಮನಸ್ಸಿಗೆ ಬಂದುದು ತತ್ತ್ವವಲ್ಲ, ಕೊಡೆ ಹಿಡಿದ ಫಾನ್, ಜಾರುಬಂಡಿಯ ರಾಣಿ, ಭವ್ಯ ಸಿಂಹ ಎಂಬ ಚಿತ್ರಗಳು ಎಂದು 1956ರ ಪ್ರಬಂಧವೊಂದರಲ್ಲಿ ಬರೆದನು.

1952ರ 'ದಿ ವಾಯೇಜ್ ಆಫ್ ದಿ ಡಾನ್ ಟ್ರೆಡರ್' ಕೃತಿಯ ಒಂದು ಪ್ರಸಂಗ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಯೂಸ್ಟೇಸ್ ಎಂಬ ಜಂಬದ ಹುಡುಗ ಘಟಸರ್ಪದ ನಿಧಿಯ ಮೇಲೆ ದುರಾಸೆಯಿಂದ ಮಲಗಿ ತಾನೇ ಘಟಸರ್ಪವಾಗಿ ಏಳುತ್ತಾನೆ. ಮುಂದೆ ತನ್ನ ಪೊರೆಯನ್ನು ತಾನೇ ಮೂರು ಸಲ ಕಳಚುತ್ತಾನೆ. ಪ್ರತಿ ಸಲವೂ ಅದರಡಿ ಇನ್ನೊಂದು ಪೊರೆ. ಕೊನೆಗೆ ಅಸ್ಲಾನನ ಉಗುರು ಆಳಕ್ಕಿಳಿದು ಸೀಳಿ, ಅವನನ್ನು ನೀರಿಗೆ ಎಸೆದಾಗಲೇ ಮತ್ತೆ ಹುಡುಗನಾಗುತ್ತಾನೆ. ಕ್ರೈಸ್ತ ಓದುಗನಿಗೆ ಇಲ್ಲಿ ದೀಕ್ಷಾಸ್ನಾನವೂ ದೈವಕೃಪೆಯೂ ತೋರುತ್ತವೆ. ಶ್ರೀವೈಷ್ಣವನಿಗೆ ಮಾರ್ಜಾಲಕಿಶೋರ ನ್ಯಾಯ ನೆನಪಾದೀತು: ಮರಿಯು ತಾಯಿಯನ್ನು ಹಿಡಿದುಕೊಳ್ಳುವುದಿಲ್ಲ, ತಾಯಿಯೇ ಮರಿಯನ್ನು ಕಚ್ಚಿ ಒಯ್ಯುತ್ತದೆ. ಈ ಎರಡನ್ನೂ ಅರಿಯದ ಮಗುವಿಗೂ ತನ್ನ ಕೆಟ್ಟತನವನ್ನು ತಾನೊಂದೇ ಕಳಚಲಾರೆನೆಂಬ ಅನುಭವ ತಟ್ಟುತ್ತದೆ. ಇದು ಧ್ವನಿಯ ಕೆಲಸ.

ಧ್ವನಿ ಸೋತು ಉಪದೇಶ ಗೆದ್ದ ಕಡೆಗಳೂ ಇಲ್ಲದಿಲ್ಲ. ಕಾರ್ನೆಗಿ ಪದಕ ಪಡೆದ 'ದಿ ಲಾಸ್ಟ್ ಬ್ಯಾಟಲ್' ಕೃತಿಯಲ್ಲಿ (1956) ನಾಲ್ವರಲ್ಲೊಬ್ಬಳಾದ ಸೂಸನ್ ನಾರ್ನಿಯವನ್ನು ತೊರೆದಳೆಂದು ಇತರರು ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ಕಾಲುಚೀಲ, ತುಟಿಬಣ್ಣ, ಔತಣದ ಕರೆಗಳೇ ಅವಳಿಗೆ ಬೇಕಾದುವಂತೆ. ಅವಳ ಪತನವನ್ನು ಕಥೆ ಕಾಣಿಸದು. ತೀರ್ಪನ್ನು ಮಾತ್ರ ಓದುತ್ತದೆ. ಫಿಲಿಪ್ ಪುಲ್‌ಮನ್ 1998ರಲ್ಲಿ ಎತ್ತಿದ ಆಕ್ಷೇಪಗಳಲ್ಲಿ ಇದೂ ಒಂದು, ಅದು ನ್ಯಾಯವಾದುದೇ. ಆದರೆ ಅದೇ ಕೃತಿಯಲ್ಲಿ, ಬೇರೊಂದು ದೇವತೆಯನ್ನು ಪ್ರಾಮಾಣಿಕವಾಗಿ ಭಜಿಸಿದ ಎಮೆತ್ ಎಂಬ ಯೋಧನ ಸೇವೆಯನ್ನು ಅಸ್ಲಾನ್ ತನ್ನದೆಂದೇ ಸ್ವೀಕರಿಸುತ್ತಾನೆ. ಅನ್ಯಮತೀಯನಿಗೆ ಕಥೆಯ ಒಳಗೇ ಬಾಗಿಲು ತೆರೆದಿದೆ.

ಲೂಯಿಸನು 1931ರಲ್ಲಿ ಕ್ರೈಸ್ತಧರ್ಮಕ್ಕೆ ಮರಳಲು ನೆರವಾದ ಮಿತ್ರ ಟೋಲ್ಕಿನ್, ರೂಪಕಕಥೆಯಲ್ಲಿ ಕರ್ತೃವಿನ ಅಧಿಕಾರವನ್ನೂ, ಓದುಗನು ತಾನಾಗಿ ಅನ್ವಯಿಸಿಕೊಳ್ಳುವಲ್ಲಿ ಅವನ ಸ್ವಾತಂತ್ರ್ಯವನ್ನೂ ಕಂಡನು. ಪಟ್ಟಿ ಬರೆಯುವ ವ್ಯಾಖ್ಯಾನವು ಮಗುವಿನಿಂದ ಆ ಸ್ವಾತಂತ್ರ್ಯವನ್ನೇ ಕಸಿಯುತ್ತದೆ. ಕಥೆಯನ್ನು ತೆಗೆದಿಟ್ಟ ಮೇಲೂ ಉಳಿಯುವ ಪಾಠ ಯಾವ ಪುಸ್ತಕದಿಂದಲೂ ದೊರೆತೀತು. ಸಿಂಹದ ಉಗುರು ತಾಗಿದ ನೋವಿನೊಡನೆ ಮಾತ್ರ ನೆನಪಾಗುವ ಪಾಠ ನಾರ್ನಿಯದ್ದು.