ಮಾನ್ಯಖೇಟದ ಕವಿಯೂ ಇಂದಿನ ಗ್ರಂಥಪ್ರಕಾಶನವೂ

ಸೇಡಂ ತಾಲೂಕಿನ ಕಾಗಿಣಾ ನದೀತೀರದ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟವೆಂಬುದು ವಿದ್ವಜ್ಜನರಿಗೆ ವಿದಿತವೇ ಆಗಿದೆ. ಮಂತ್ರಿ ಭರತನ ಆಶ್ರಯದಲ್ಲಿ ಪುಷ್ಪದಂತನು ತನ್ನ ಅಪಭ್ರಂಶ ಮಹಾಪುರಾಣವನ್ನು ಕ್ರಿ.ಶ. 965ರಲ್ಲಿ ಇಲ್ಲಿಯೇ ಪೂರ್ಣಗೊಳಿಸಿದನು. 972ರಲ್ಲಿ ಪರಮಾರ ಸೀಯಕನು ಈ ನಗರವನ್ನು ಸೂರೆಗೊಂಡನು. ಇನ್ನು ತಾನೆಲ್ಲಿ ವಾಸಿಸಲೆಂಬ ಕವಿಯ ಅಳಲಿನ ಪದ್ಯವೊಂದು ಆ ಪುರಾಣದ ಹಸ್ತಪ್ರತಿ ಪರಂಪರೆಯಲ್ಲಿ ಉಳಿದುಬಂದಿದೆ. ಗ್ರಂಥಸಮಾಪ್ತಿಯ ಏಳು ವರ್ಷಗಳ ತರುವಾಯದ ಘಟನೆ ಗ್ರಂಥದೊಳಗೆ ಸೇರಿದ್ದು ಪ್ರತಿಲೇಖನ ಕ್ರಮದಿಂದಲೇ ಸಾಧ್ಯವಾಯಿತು. ಪ್ರತಿಯಿಂದ ಪ್ರತಿಗೆ ಗ್ರಂಥವು ಬೆಳೆಯಬಹುದಾಗಿತ್ತು. ಗ್ರಂಥಕರ್ತನ ಬಾಳಾದರೋ ಆಶ್ರಯದಾತನನ್ನೇ ನೆಚ್ಚಿಕೊಂಡಿತ್ತು.

ಮುದ್ರಣವು ಪಾಠವನ್ನು ಸ್ಥಿರಗೊಳಿಸಿತು. ಡಾ. ಪಿ. ಎಲ್. ವೈದ್ಯರು ಸಂಪಾದಿಸಿದ ಮಹಾಪುರಾಣವು 1937ರಿಂದ 1941ರ ಅವಧಿಯಲ್ಲಿ ಮುಂಬಯಿಯ ಮಾಣಿಕಚಂದ್ರ ಗ್ರಂಥಮಾಲೆಯಲ್ಲಿ ಹೊರಬಂದಿತು. ಇಂತಹ ಪ್ರಕ್ಷೇಪಗಳ ವಿವೇಚನೆಗೆ ಸಂಪಾದಕರ ಪೀಠಿಕೆ, ಪಾಠಾಂತರಗಳೇ ಆಧಾರ.

ಈಗ ಬೇಡಿಕೆಯಿದ್ದಷ್ಟೇ ಪ್ರತಿಗಳನ್ನು ಅಚ್ಚುಹಾಕುವ ಯಂತ್ರಗಳು ಬಂದಿವೆ. ಗ್ರಂಥಗಳು ಗಣಕಯಂತ್ರದಲ್ಲಿಯೂ ದೊರೆಯುತ್ತವೆ. ಓದುಗರು ವಿರಳವಾದ ಶಾಸ್ತ್ರಗ್ರಂಥಗಳಿಗೆ ಇದು ವರವೇ ಸರಿ. ಆದರೆ ಪೀಠಿಕೆಯನ್ನೂ ಪಾಠಾಂತರಗಳನ್ನೂ ಸಂಪಾದಕರ ಹೆಸರನ್ನೂ ಕೈಬಿಟ್ಟು ಬರಿಯ ಮೂಲವನ್ನು ಮರುಮುದ್ರಿಸುವುದೂ ಅಷ್ಟೇ ಸುಲಭವಾಗಿದೆ. ಆಗ ಮೇಲೆ ಹೇಳಿದ ಪದ್ಯವು 965ರದೋ ಆಮೇಲಿನದೋ ಎಂದು ಓದುಗನು ತಿಳಿಯುವ ಬಗೆ ಹೇಗೆ? ನಮ್ಮ ಕಾಯಿದೆಯಂತೆ ಕೃತಿಸ್ವಾಮ್ಯವು ಸಾಮಾನ್ಯವಾಗಿ ಗ್ರಂಥಕರ್ತನ ಮರಣಾನಂತರ 60 ವರ್ಷಗಳಿಗೆ ಮುಗಿಯುತ್ತದೆ. ಆತನ ಶ್ರಮವನ್ನು ಸ್ಮರಿಸುವ ಧರ್ಮಕ್ಕೆ ಅಂತಹ ಅವಧಿಯಿಲ್ಲ. ಲಿಪಿಕಾರನು ಸಹ ಗ್ರಂಥಾಂತ್ಯದಲ್ಲಿ ತನ್ನ ಹೆಸರನ್ನೂ ಕಾಲವನ್ನೂ ಬರೆದಿಡುತ್ತಿದ್ದ ಪರಂಪರೆ ನಮ್ಮದು. ಪ್ರಕಾಶಕರು ಕನಿಷ್ಠ ಅಷ್ಟನ್ನಾದರೂ ಪಾಲಿಸಬೇಕೆಂದು ವಿದ್ವಾಂಸರು ಆಗ್ರಹಪಡಿಸುವುದು ಯುಕ್ತ.