ಕಪ್ಪಾಗುವ ಗಳಿಗೆಯಷ್ಟೇ ಬಿದರಿ ಅಲ್ಲ

ಬೀದರಿನ ಹಳೇ ಊರಲ್ಲಿ ಗೈಡ್ ಜೊತೆ ಬಿದರಿ ಕುಶಲಕರ್ಮಿಗಳ ಗಲ್ಲಿಗಳನ್ನು ಸುತ್ತಿದೆ. ಮೊದಲು ಮೆಚ್ಚಿದ್ದನ್ನು ಹೇಳಿಬಿಡ್ತೀನಿ. ಗುಂಪು ಚಿಕ್ಕದಿತ್ತು, ಎಸಿ ಶೋರೂಮಿಗೆ ನುಗ್ಗಿಸಲಿಲ್ಲ, ನಿಜವಾಗಿ ಕೆಲಸ ನಡೆಯೋ ಜಾಗಕ್ಕೇ ಕರ್ಕೊಂಡು ಹೋದ್ರು. ತಕರಾರು ಇರೋದು ಏನನ್ನು ತೋರಿಸಿದ್ರು, ಏನನ್ನು ಬಿಟ್ರು ಅನ್ನೋದ್ರಲ್ಲಿ.

ತೋರಿಸಿದ್ದು ಕೊನೆಯ ಹಂತ ಮಾತ್ರ. ಕೋಟೆಯ ಹಳೇ ಮಣ್ಣು, ನವಸಾಗರ ಬೆರೆಸಿದ ಬಿಸಿನೀರಿಗೆ ಬೂದು ಬಣ್ಣದ ಬಟ್ಟಲನ್ನು ಅದ್ದಿದ್ರು. ಲೋಹ ಕಪ್ಪಾಯ್ತು, ಬೆಳ್ಳಿ ಹಾಗೇ ಉಳೀತು. ಎಲ್ಲರ ಮೊಬೈಲೂ ಮೇಲೆ. 'ಪವಾಡ' ಅಂದ್ರು ಗೈಡು. ಪವಾಡ ಏನೂ ಅಲ್ಲ; ಬಟ್ಟಲಿನ ಬಹುಪಾಲು ಸತು, ಜೊತೆಗೆ ಸ್ವಲ್ಪ ತಾಮ್ರ. ಆ ಮಣ್ಣು ಈ ಮಿಶ್ರಲೋಹವನ್ನು ಕಪ್ಪಾಗಿಸುತ್ತೆ, ಬೆಳ್ಳಿಯನ್ನು ಮುಟ್ಟಲ್ಲ. ಇಷ್ಟು ಹೇಳಿದ್ರೆ ಬೆರಗು ಕಮ್ಮಿ ಆಗ್ತಿರಲಿಲ್ಲ, ಹೆಚ್ಚಾಗ್ತಿತ್ತು.

ಸಾಫ್ಟ್‌ವೇರಿನವರಿಗೆ ಇದು ಚೆನ್ನಾಗಿ ಗೊತ್ತು. ಡೆಮೊ ಬೇರೆ, ಕೆಲಸ ಬೇರೆ. ಡೆಮೊ ನೋಡಿದ ಗಿರಾಕಿಗೆ ಆರು ತಿಂಗಳ ದುಡಿಮೆ ಕಾಣಲ್ಲ. ಹಾಗಾಗಿ ಬೆಲೆ ಯಾವಾಗಲೂ ಜಾಸ್ತಿ ಅನ್ನಿಸುತ್ತೆ. ಬಿದರಿಯ ದುಡಿಮೆ ಇರೋದೂ ಆ ಬಿಸಿನೀರಿಗಿಂತ ಮುಂಚೆ. ಮರಳಿನ ಅಚ್ಚಲ್ಲಿ ಎರಕ ಹೊಯ್ಯಬೇಕು, ಅರದಿಂದ ತಿಕ್ಕಿ ನುಣುಪು ಮಾಡಬೇಕು. ಗೀರು ಎದ್ದು ಕಾಣಲಿ ಅಂತ ಮೈಲುತುತ್ತದ ನೀರು ಬಳಿದು ತಾತ್ಕಾಲಿಕವಾಗಿ ಕಪ್ಪಾಗಿಸಬೇಕು. ಅಡಿಕೆಗೆ ಕೊಳೆರೋಗ ಬರದಿರಲಿ ಅಂತ ಬೋರ್ಡೋ ದ್ರಾವಣಕ್ಕೆ ಹಾಕ್ತೀವಲ್ಲ, ಅದೇ ಮೈಲುತುತ್ತ! ಆಮೇಲೆ ಉಳಿಯಿಂದ ಚಿತ್ತಾರ ಕೊರೆದು, ಆ ಸಂದಿಗೆ ಬೆಳ್ಳಿ ತಂತಿ ಕೂರಿಸಿ ಬಡೀಬೇಕು. ಮತ್ತೆ ತಿಕ್ಕಬೇಕು. ಇಷ್ಟನ್ನೂ ಗೈಡು ಒಂದೇ ವಾಕ್ಯದಲ್ಲಿ ಮುಗಿಸಿದ್ರು. ಬಟ್ಟಲು ಕಪ್ಪಾಗೋದನ್ನಷ್ಟೇ ನೋಡಿದವರು ಹೊರಗೆ ಬಂದು ಚೌಕಾಸಿಗೆ ನಿಂತದ್ದರಲ್ಲಿ ಆಶ್ಚರ್ಯವೇನು?

ಕೋಟೆಯ ರಂಗೀನ್ ಮಹಲಿನಲ್ಲಿ ಕರಿಗಲ್ಲಿಗೆ ಮುತ್ತಿನ ಚಿಪ್ಪು ಕೂರಿಸಿದ ಕೆಲಸ ಇದೆ. ಕಪ್ಪಿನೊಳಗೆ ಹೊಳಪನ್ನು ಕೂರಿಸೋ ಅದೇ ಕಣ್ಣು. ಅದನ್ನು ಮೊದಲು ತೋರಿಸಿ ಆಮೇಲೆ ಗಲ್ಲಿಗೆ ಬಂದಿದ್ರೆ ಕೋಟೆ, ಕಾರ್ಖಾನೆ ಎರಡೂ ಒಂದೇ ಊರಿನವು ಅಂತ ಕಾಣ್ತಿತ್ತು.

ಆದ್ರೆ ನನಗೆ ಚುಚ್ಚಿದ್ದು ಇನ್ನೊಂದು. 2006ರಲ್ಲಿ ಜಿಐ ಮಾನ್ಯತೆ ಸಿಕ್ಕಿದ್ದು, 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಿದ್ದು, ಎಲ್ಲ ಹೇಳಿದ ಗೈಡು ನಮ್ಮೆದುರು ಉಳಿ ಹಿಡಿದು ಕೂತಿದ್ದ ಹುಡುಗನ ಹೆಸರು ಹೇಳಲಿಲ್ಲ. ಅವನ ಮುಂದೆಯೇ 'ಇದು ಸಾಯ್ತಿರೋ ಕಲೆ' ಅಂದ್ರು. ಅವನು ತಲೆ ಎತ್ತಲಿಲ್ಲ.

ನಮ್ಮೂರಲ್ಲಿ ಕುಲುಮೆಗೆ ಹೋಗ್ತಿದ್ದದ್ದು ಕುಡುಗೋಲು ಹಣಿಸೋಕೆ. ಕಾಯುವಾಗ ನೋಡ್ತಿದ್ವಿ, ಅಷ್ಟೇ. ಹೋದದ್ದು ಕೆಲಸ ಹಿಡ್ಕೊಂಡು, ಹಾಗಾಗಿ ಕಮ್ಮಾರನಿಗೆ ನಾವು ಹೊರೆಯಲ್ಲ. ಇಲ್ಲಿ ಹನ್ನೆರಡು ಜನ ಬರಿಗೈಲಿ ಬಂದು ಅವನ ಸುತ್ತಿಗೆ ನಿಲ್ಲಿಸ್ತೀವಿ. ಟಿಕೆಟ್ಟು ಕೊಂಡದ್ದು ಗೈಡಿನ ಹತ್ತಿರ, ಗಂಟೆ ಕಳಕೊಂಡದ್ದು ಅವನು.

ಹಾಗಂತ ನಡಿಗೆ ನಿಲ್ಲಿಸಿ ಅನ್ನಲ್ಲ. ಆ ಗಂಟೆಯ ಕೂಲಿ ಟಿಕೆಟ್ಟಲ್ಲೇ ಸೇರಲಿ. ಅರ ತಿಕ್ಕೋದನ್ನು ಹತ್ತು ನಿಮಿಷ ಸುಮ್ನೆ ನಿಂತು ನೋಡೋಣ. ಬೋರಾದ್ರೂ ಪರವಾಗಿಲ್ಲ, ಅವನು ದಿನವಿಡೀ ಅದನ್ನೇ ಮಾಡ್ತಾನೆ. ಕಲೆ ಬದುಕುತ್ತೋ ಇಲ್ವೋ ಅನ್ನೋ ಮಾತನ್ನು ಅವನೇ ಹೇಳಲಿ. ನೀವು ಹೋದ್ರೆ ಮೊದಲು ಹೆಸರು ಕೇಳಿ.