ಐಮಂಗಲದ ಹತ್ತಿರ ಒಂದು ಕಡಲತಳ

ಹಿರಿಯೂರು ದಾಟಿ ಚಿತ್ರದುರ್ಗದ ಕಡೆ ಹೋಗುವವರು ಯಾರೇ ಸಿಕ್ಕರೂ ನಾನು ಬಿಡದೆ ಹೇಳುವ ಮಾತೊಂದಿದೆ: ಐಮಂಗಲದ ಹತ್ತಿರ ಹೆದ್ದಾರಿ ಬಿಟ್ಟು ಮರಡಿಹಳ್ಳಿಗೆ ಹೋಗಿ, ಗಾಡಿ ನಿಲ್ಲಿಸಿ, ಇಳಿಯಿರಿ. ಕೋಟೆಯನ್ನು ಮಧ್ಯಾಹ್ನದ ಮೇಲೆ ನೋಡಿದರಾಯಿತು. ಮರಡಿ ಎಂದರೆ ಸಣ್ಣ ಗುಡ್ಡ. ಹೆಸರಿಗೆ ತಕ್ಕಂತೆ ಇಲ್ಲಿನ ಬಂಡೆಗಳು ತಲೆಯೆತ್ತಿ ನಿಲ್ಲುವ ಜಾತಿಯವಲ್ಲ. ದೂರದಿಂದ ನೋಡಿದರೆ ಒಣ ಸೀಮೆಯ ಹತ್ತಾರು ಕಲ್ಲುಗುಡ್ಡಗಳಲ್ಲಿ ಇದೂ ಒಂದು. ಸುತ್ತ ಜಾಲಿ, ಹಳದಿ ಹೂ ಬಿಟ್ಟ ತಂಗಡಿ, ದಿಗಂತದಲ್ಲಿ ತಿರುಗುವ ಗಾಳಿಯಂತ್ರಗಳು.

ಹತ್ತಿರ ಹೋದಾಗ ಕಲ್ಲು ಮೆತ್ತಗಾಗುತ್ತದೆ.

ಬೇರೆ ಮಾತು ನನಗೆ ಸಿಕ್ಕಿಲ್ಲ. ಬಂಡೆಯ ಮೈತುಂಬ ದುಂಡನೆಯ, ಉಬ್ಬಿದ, ಒಂದಕ್ಕೊಂದು ಒತ್ತಿಕೊಂಡು ಮಲಗಿದ ದಿಂಬುಗಳು. ಕೆಲವು ಅಂಗೈಯಗಲ, ಕೆಲವು ತೊಟ್ಟಿಲಷ್ಟು. ಅರಳೆ ತುಂಬಿ ಈಗಷ್ಟೇ ಹೊಲಿದಿಟ್ಟಂತೆ ಒಂದೊಂದರ ಬೆನ್ನೂ ನಯವಾಗಿ ಬಾಗಿದೆ. ಅಂಚಿನ ಸುತ್ತ ತೆಳುವಾದ ಕಟ್ಟು. ಅಲ್ಲಿಯ ಕಣ ನುಣುಪು, ಒಳಗಿನದು ತುಸು ಒರಟು. ಬೆರಳಾಡಿಸಿದರೆ ಆ ವ್ಯತ್ಯಾಸ ಕಣ್ಣಿಗಿಂತ ಮೊದಲು ಚರ್ಮಕ್ಕೆ ತಿಳಿಯುತ್ತದೆ. ಮಳೆ ಬಿದ್ದು ನಿಂತ ಹೊತ್ತಿನಲ್ಲಿ ಹೋಗುವ ಅದೃಷ್ಟ ನಿಮ್ಮದಾದರೆ, ಬೂದು ಬಣ್ಣದ ಒಳಗಿಂದ ಹಸಿರು ಮೇಲೆ ಬರುವುದನ್ನು ನೋಡಬಹುದು. ಹಳೆಯ ತಾಮ್ರದ ಪಾತ್ರೆಯ ಒಳಮೈಗೆ ಹತ್ತುವ ಹಸಿರಲ್ಲ ಅದು. ನೆನೆದ ಹೆಸರುಕಾಳಿನ ಹಸಿರು, ಸೌಮ್ಯ, ಆಳ.

ಇವು ಲಾವಾದ ದಿಂಬುಗಳು. ವಯಸ್ಸು ಸುಮಾರು 250 ಕೋಟಿ ವರ್ಷ. ಲಾವಾ ಹೀಗೆ ದಿಂಬಾಗುವುದು ನೀರಿನಲ್ಲಿ ಮಾತ್ರ. ಎಂದರೆ, ಮಳೆಗಾಗಿ ಮುಗಿಲು ನೋಡುವ ಈ ನೆಲ ಒಂದು ಕಾಲಕ್ಕೆ ನೀರಿನಡಿಯಲ್ಲಿತ್ತು. ನೆಲದ ಮೇಲೆ ಮರವಿಲ್ಲ, ಹುಲ್ಲಿಲ್ಲ, ಹಕ್ಕಿಯಿಲ್ಲ. ನೀರಿನಲ್ಲಿ ಮೀನೂ ಇಲ್ಲದ, ಬರಿಗಣ್ಣಿಗೆ ಕಾಣದ ಜೀವಾಣುಗಳಷ್ಟೇ ಇದ್ದ ಕಾಲ. ಆ ತಳದ ಬಿರುಕುಗಳಿಂದ ಕರಗಿದ ಕಲ್ಲು ಒಸರಿತು. ತಣ್ಣೀರು ತಾಗಿದೊಡನೆ ಅದರ ಮೈ ಗಾಜಿನಂಥ ಸಿಪ್ಪೆಯಾಗಿ ಬಿಗಿಯಿತು. ಒಳಗಿನ ಬಿಸಿ ಮಾತ್ರ ತಳ್ಳುತ್ತಲೇ ಇತ್ತು. ಸಿಪ್ಪೆ ಉಬ್ಬಿತು, ಒಂದು ಕಡೆ ಬಿರಿಯಿತು, ಬಿರುಕಿನಿಂದ ಮತ್ತೊಂದು ಮೊಗ್ಗು ಹೊರಬಂತು, ಅದರ ಮೈಯೂ ಬಿಗಿಯಿತು. ಹೀಗೆ ಮೊಗ್ಗಿನ ಮೇಲೆ ಮೊಗ್ಗು, ದಿಂಬಿನ ಮೇಲೆ ದಿಂಬು. ಇದು ಬರಿಯ ಊಹೆಯಲ್ಲ. ಹವಾಯಿಯ ಕಡಲಂಚಿನಲ್ಲಿ ಲಾವಾ ಇದೇ ರೀತಿ ಮೊಳೆಯುವುದನ್ನು ಮುಳುಗುಗಾರರು ನೀರಿನೊಳಗೇ ಕಂಡು ಚಿತ್ರೀಕರಿಸಿದ್ದಾರೆ.

ನನಗೆ ಎಲ್ಲಕ್ಕಿಂತ ರುಚಿಸುವುದು ದಿಂಬುಗಳ ತಳ. ಒಲೆಯಿಂದ ಇಳಿಸಿ ಕಟ್ಟಿದ ರಾಗಿಮುದ್ದೆಗಳನ್ನು ಬಿಸಿಯಾಗಿರುವಾಗಲೇ ಒಂದರ ಮೇಲೊಂದು ಪೇರಿಸಿದ್ದನ್ನು ನೆನೆಸಿಕೊಳ್ಳಿ. ಕೆಳಗಿನ ಎರಡರ ಬೆನ್ನು ದುಂಡಗೇ ಉಳಿಯುತ್ತದೆ. ಮೇಲಿನದರ ಹೊಟ್ಟೆ ಮಾತ್ರ ಮೆಲ್ಲಗೆ ಜಗ್ಗಿ, ಕೆಳಗಿನ ಎರಡರ ಸಂದಿಗೆ ಚೂಪಾಗಿ ಇಳಿದು ಕೂರುತ್ತದೆ. ಇಲ್ಲಿಯೂ ಅದೇ. ದುಂಡು ಬೆನ್ನು ಮೇಲೆ, ಸಂದಿಗಿಳಿದ ಬಾಲ ಕೆಳಗೆ. ಭೂಮಿ ಮಡಿಚಿ, ಮಗುಚಿ, ಪದರಗಳನ್ನು ತಲೆಕೆಳಗು ಮಾಡಿಟ್ಟ ಕಡೆಗಳಲ್ಲಿ ಮೂಲದಲ್ಲಿ ಮೇಲು ಯಾವುದು, ಕೆಳಗು ಯಾವುದು ಎಂದು ಭೂವಿಜ್ಞಾನಿಗಳು ಈ ಬಾಲವನ್ನು ನೋಡಿ ಹೇಳುತ್ತಾರೆ. ಕುಕ್ಕರಗಾಲಿನಲ್ಲಿ ಕೂತು ನಿಧಾನವಾಗಿ ಹುಡುಕಿ. ಮೊದಲ ಬಾಲ ಕಂಡ ಮೇಲೆ, ಕಣ್ಣು ಪಳಗಿ, ಎರಡನೆಯದು ತಾನೇ ಬಂದು ಸಿಗುತ್ತದೆ.

ಇದೇ ಕಲೆಯ ಇನ್ನೊಂದು ಘರಾಣೆ ಮಲ್ಪೆಯ ಕಡಲಾಚೆ, ಸೇಂಟ್ ಮೇರೀಸ್ ದ್ವೀಪಗಳಲ್ಲಿದೆ. ಅಲ್ಲಿಯ ಲಾವಾ ಬೇರೆ ಬಗೆಯದು, ಸಿಲಿಕಾ ಹೆಚ್ಚಿರುವುದು, ವಯಸ್ಸಿನಲ್ಲಿ ತೀರ ಎಳೆಯದು. ಭಾರತವೂ ಮಡಗಾಸ್ಕರವೂ ಬೇರೆಯಾಗುತ್ತಿದ್ದ ಕಾಲದ್ದು, ಸುಮಾರು 8.8 ಕೋಟಿ ವರ್ಷದ್ದು. ತಣಿಯುತ್ತಾ ಕುಗ್ಗಿದ ಕಲ್ಲು ಅಲ್ಲಿ ಐದು, ಆರು, ಏಳು ಮುಖದ ಕಂಬಗಳಾಗಿ ಸೀಳಿಕೊಂಡಿದೆ, ಬಡಗಿ ಗೆರೆ ಹಾಕಿ ಕೊಯ್ದಷ್ಟು ನೇರ. ಅದರ ಚೆಲುವಿಗೆ ನಾನೂ ಮನಸೋತವನೇ. ಆದರೂ ಒಂದನ್ನೇ ಆರಿಸು ಎಂದರೆ ನನ್ನ ಆಯ್ಕೆ ಮರಡಿಹಳ್ಳಿ. ಕಂಬಗಳಲ್ಲಿ ತಾಳ್ಮೆ ಕಾಣುತ್ತದೆ. ದಿಂಬುಗಳಲ್ಲಿ ಒಂದು ಗಳಿಗೆ ಇದ್ದಂತೆಯೇ ಸಿಕ್ಕಿಕೊಂಡಿದೆ, ಬಿಸಿ ತಂಪನ್ನು ಮುಟ್ಟಿದ ಆ ಗಳಿಗೆ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಈ ಜಾಗವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಮುಟ್ಟಿ ನೋಡಿ, ಎಷ್ಟು ಹೊತ್ತು ಬೇಕಾದರೂ ಮುಟ್ಟಿ. ಚೂರು ಮಾತ್ರ ಎಬ್ಬಿಸಬೇಡಿ, ಹೆಸರು ಕೆತ್ತಬೇಡಿ. ಒಂದು ದಿಂಬಿನ ಅಂಚು ಮುರಿದರೆ ಅದನ್ನು ಮತ್ತೆ ಹೊಲಿಯುವ ಸೂಜಿ ಎಲ್ಲೂ ಇಲ್ಲ.

ನಾನು ಹೋಗುವುದು ಸಾಮಾನ್ಯವಾಗಿ ಇಳಿಹೊತ್ತಿನಲ್ಲಿ. ಓರೆಯಾಗಿ ಬೀಳುವ ಬಿಸಿಲಿಗೆ ಪ್ರತಿ ದಿಂಬಿಗೂ ಒಂದು ಪಕ್ಕ ಹೊನ್ನಿನ ಅಂಚು, ಇನ್ನೊಂದು ಪಕ್ಕ ಕಪ್ಪು ಮಡಿಕೆ ಮೂಡುತ್ತದೆ. ಮಧ್ಯಾಹ್ನ ಚಪ್ಪಟೆಯಾಗಿದ್ದ ಬಂಡೆ ಉಸಿರೆಳೆದುಕೊಂಡಂತೆ ಉಬ್ಬುತ್ತದೆ. ದೂರದಲ್ಲಿ ಹೆದ್ದಾರಿಯ ಲಾರಿಗಳ ಸದ್ದು. ದೊಡ್ಡದೊಂದು ದಿಂಬಿನ ಬೆನ್ನಿನ ಮೇಲೆ ಅಂಗೈ ಊರಿ ಕೂರುತ್ತೇನೆ. ದಿನವಿಡೀ ಕುಡಿದ ಬಿಸಿಲನ್ನು ಕಲ್ಲು ಇನ್ನೂ ಬಿಟ್ಟಿರುವುದಿಲ್ಲ. ಅಂಗೈಯಡಿಯಲ್ಲಿ ಅದು ಬೆಚ್ಚಗಿರುತ್ತದೆ.